ಪಗಾರ ಬರುತ್ತೆ, ಬೈಯೋರಿಲ್ಲ, ಆದರೂ ಡ್ಯೂಟಿಗೆ ಹೋಗೋಕೆ ಮನಸ್ಸಿಲ್ಲ. ನಿಮಗೂ ಹೀಗಾಗುತ್ತಾ?

ಗಿಣಿಗೇರಿ ಲ್ಯಾಬ್

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ತಾಲೂಕಿನ ಒಂದು ಸ್ಪಂಜ್ ಐರನ್ (ಉಕ್ಕು ಮಾಡಲು ಬಳಸುವ ಕಚ್ಚಾ ಕಬ್ಬಿಣ) ಕಾರ್ಖಾನೆಯಲ್ಲಿ ಲ್ಯಾಬ್ ಕೆಮಿಸ್ಟ್. ಹೆಸರು ಬೇಡ, ನಮ್ಮ ಕಡೆ ಇಂಥ ಕಾರ್ಖಾನೆಗಳು ಬೇಕಾದಷ್ಟಿವೆ. ಪಗಾರ ತಾರೀಖಿಗೆ ಸರಿಯಾಗಿ ಬರುತ್ತದೆ. ಪಿ.ಎಫ್. ಇದೆ. ಮ್ಯಾನೇಜರ್ ಕೂಗಾಡುವವರಲ್ಲ. ಮನೆಯಲ್ಲಿ ಹೇಳಿಕೊಂಡರೆ "ಮತ್ತೇನ್ ಬೇಕು ನಿನಗ?" ಅಂತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ನೈಟ್ ಶಿಫ್ಟ್‌ಗೆ ಬೈಕ್ ತೆಗೆಯುವಾಗ ಮೈ ಭಾರ ಆಗುತ್ತದೆ.

ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಅದಿರು, ಕಲ್ಲಿದ್ದಲು, ಡೋಲೊಮೈಟ್ ಹಾಕಿ ಉದ್ದನೆಯ ಕಿಲ್ನ್, ಅಂದರೆ ಕುಲುಮೆ, ಸುತ್ತುತ್ತಾ ಇರುತ್ತದೆ. ಹೊರಬಂದ ಮಾಲಿನ ಸ್ಯಾಂಪಲ್ ನಮ್ಮ ಟೇಬಲ್‌ಗೆ ಬರುತ್ತದೆ. ಪುಡಿ ಮಾಡಬೇಕು, ತೂಕ ಹಾಕಬೇಕು, ಫೆರಿಕ್ ಕ್ಲೋರೈಡ್‌ನಲ್ಲಿ ಕರಗಿಸಿ ಸೋಸಬೇಕು. ಆಮೇಲೆ ಇಂಡಿಕೇಟರ್ ಹಾಕಿ ಡೈಕ್ರೋಮೇಟ್ ಹನಿ ಹನಿಯಾಗಿ ಬಿಡಬೇಕು. ಹಸಿರಾಗಿದ್ದದ್ದು ಒಂದೇ ಹನಿಗೆ ನೇರಳೆ ಆಗಿಬಿಡುತ್ತದೆ. ಬ್ಯುರೆಟ್ ನೋಡಿ, ಲೆಕ್ಕ ಮಾಡಿ, ಕಂಪ್ಯೂಟರ್‌ಗೆ ತುಂಬಿದರೆ ಮುಗಿಯಿತು. ಅಷ್ಟರಲ್ಲಿ ಮುಂದಿನ ಸ್ಯಾಂಪಲ್ ಬಂದಿರುತ್ತದೆ.

ಶುರುವಿನಲ್ಲಿ ಆ ನೇರಳೆ ಬಣ್ಣ ಕಂಡರೆ ಖುಷಿ ಆಗುತ್ತಿತ್ತು. ಈಗ ಬಣ್ಣ ತಿರುಗುವಾಗ ಕೈ ತಾನಾಗಿ ನಲ್ಲಿ ಮುಚ್ಚುತ್ತದೆ, ಮನಸ್ಸು ಎಲ್ಲೋ ಇರುತ್ತದೆ.

ಎರಡು ಯೋಚನೆ ಇದೆ. ಒಂದು, ಬಿ.ಎಡ್. ಮಾಡಿ ಮೇಷ್ಟ್ರಾಗುವುದು. ಮಕ್ಕಳಿಗೆ ಕಲಿಸಿದರೆ ಏನೋ ಮಾಡಿದ ಹಾಗಾಗುತ್ತದೆ ಅಲ್ವಾ? ಇನ್ನೊಂದು, ಕಾರಟಗಿ ಕಡೆ ಅಪ್ಪನ ನಾಲ್ಕೆಕರೆ ಇದೆ, ತುಂಗಭದ್ರಾ ಎಡದಂಡೆ ಕಾಲುವೆ ನೀರು. ಅಲ್ಲಿಗೇ ಹೋಗಿಬಿಡುವುದು. ಹೆಂಡತಿ "ಸುಮ್ನೆ ಇರ್ರಿ" ಅನ್ನುತ್ತಾಳೆ. ನೀವೇನಂತೀರಿ?

ಕೌಲ್‌ಬಜಾರ್ ಅಕ್ಕ

ತಮ್ಮಾ, ಬೇಜಾರಾಗಬೇಡ, ಓದಿ ನಗು ಬಂತು. ಬಳ್ಳಾರಿ ಜೀನ್ಸ್ ಕೆಲಸದಲ್ಲಿ ಇರುವ ನಮ್ಮಂಥವರಿಗೆಲ್ಲ ಪೀಸ್ ಲೆಕ್ಕ. ಒಂದು ಪ್ಯಾಂಟ್ ಎಷ್ಟೋ ಕೈ ದಾಟುತ್ತದೆ. ಕಟಿಂಗ್ ಒಬ್ಬರು, ಜೇಬು ಒಬ್ಬರು, ಓವರ್‌ಲಾಕ್ ಇನ್ನೊಬ್ಬರು, ಆಮೇಲೆ ವಾಷಿಂಗು, ಗುಂಡಿ. ನಾನು ಮನೆಯಲ್ಲೇ ಕೂತು ದಾರ ಕತ್ತರಿಸುತ್ತೇನೆ. ಗಂಟು ತಂದು ಹಾಕುತ್ತಾರೆ, ಮುಗಿದ ಮೇಲೆ ಒಯ್ಯುತ್ತಾರೆ. ವಾಷ್ ಆಗದ ಮಾಲು ಬಂದರೆ ಬೆರಳೆಲ್ಲ ನೀಲಿ. ಹಿಟ್ಟು ಕಲಸುವ ಮುಂಚೆ ಉಜ್ಜಿ ಉಜ್ಜಿ ತೊಳೆಯಬೇಕು.

ನಾನು ಕತ್ತರಿಸಿದ ಪ್ಯಾಂಟ್ ಯಾರು ಹಾಕಿಕೊಳ್ಳುತ್ತಾರೋ ಯಾರಿಗೆ ಗೊತ್ತು. ನನಗೆ ತೃಪ್ತಿ ಅಂದರೆ ಶನಿವಾರದ ಬಟವಾಡೆ. ಆ ದುಡ್ಡು ನನ್ನ ಕೈಗೇ ಬರಬೇಕು, ಮನೆಯವರ ಕೈಗಲ್ಲ. ಮಗಳ ಕಾಲೇಜು ಫೀ ಕಟ್ಟಿದಾಗ ರಸೀದಿಯಲ್ಲಿ ಗುಮಾಸ್ತರು ತಂದೆ ಹೆಸರು ಬರೆಯಲು ಹೋದರು. ನಾನು ಬಿಡಲಿಲ್ಲ, ಕಟ್ಟಿದವಳು ನಾನು, ನನ್ನ ಹೆಸರು ಬರೆಯಿರಿ ಅಂದೆ. ಆ ರಸೀದಿ ಇನ್ನೂ ಟ್ರಂಕಿನಲ್ಲಿದೆ.

ನಿನಗೆ ಈ ಪ್ರಶ್ನೆ ಬಂದಿದೆ ಅಂದರೆ ಹೊಟ್ಟೆ ತುಂಬಿದೆ ಅಂತ ಅರ್ಥ. ತಪ್ಪೇನಿಲ್ಲ. ಆದರೆ ನೌಕರಿ ಬಿಡುವ ಮುಂಚೆ ಅದೊಂದು ನೆನಪಿರಲಿ.

ಓದ್ತಾ ಇದ್ದೀನಿ

ಅಣ್ಣಾ, ನೀವು ಬಿಟ್ಟರೆ ಆ ಸೀಟು ನನಗೆ ಹೇಳಿ. ರಾಯಚೂರಿನಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ, ಪಿಡಿಒ ಅಂತ ಓದುತ್ತಲೇ ಇದ್ದೇನೆ. ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ಬಂದಮೇಲೆ ನಮ್ಮ ಕಡೆಯವರಿಗೆ ಸರ್ಕಾರಿ ನೌಕರಿ ಸಿಗುತ್ತದೆ ಅಂತ ಮನೆಯಲ್ಲಿ ಕಾಯುತ್ತಿದ್ದಾರೆ. ಪರೀಕ್ಷೆ ಮುಂದೆ ಹೋಗುತ್ತದೆ, ಫಲಿತಾಂಶ ಕೋರ್ಟಿಗೆ ಹೋಗುತ್ತದೆ, ನಾನು ಲೈಬ್ರರಿಗೆ ಹೋಗುತ್ತೇನೆ. ಕೆಲಸದಲ್ಲಿ ಅರ್ಥ ಇದೆಯಾ ಅಂತ ಕೇಳುವುದಕ್ಕಾದರೂ ಒಂದು ಕೆಲಸ ಬೇಕಲ್ಲ.

ಗಿಣಿಗೇರಿ ಲ್ಯಾಬ್

ಬಿ.ಎಸ್ಸಿ ಕೆಮಿಸ್ಟ್ರಿ ಆಗಿದೆಯಾ ತಮ್ಮಾ? ಆಗಿದ್ದರೆ ನಿಜವಾಗಿಯೂ ಮೆಸೇಜ್ ಮಾಡು.

ಓದ್ತಾ ಇದ್ದೀನಿ

ಬಿ.ಎ. ಹಿಸ್ಟರಿ ಅಣ್ಣಾ.

ಟೇಲ್‌ಎಂಡ್ ರೈತ, ಮಾನ್ವಿ

ನಾಲ್ಕೆಕರೆ ಅಂದವರಿಗೆ ನಾನು ಹೇಳುತ್ತೇನೆ. ಕಾರಟಗಿ ಮೇಲಿನ ಭಾಗ, ನಿಮಗೆ ನೀರು ಸಿಗಬಹುದು. ನಮ್ಮದು ಕೊನೆ ಭಾಗ. ಮೇಲಿನವರು ಭತ್ತ ಹಾಕಿ ಪೂರ್ತಿ ಕುಡಿಸಿದ ಮೇಲೆ ಉಳಿದದ್ದು ನಮಗೆ. ನಾಟಿ ಆದಮೇಲೆ ರಾತ್ರಿ ಟಾರ್ಚ್ ಹಿಡಿದು ತೂಬಿನ ಹತ್ತಿರ ಕಾವಲು ಕೂರಬೇಕು. ಇಲ್ಲದಿದ್ದರೆ ಬೆಳಿಗ್ಗೆ ಕಾಲುವೆ ಒಣಗಿರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತಲ್ಲ, ಆವತ್ತು ನಮ್ಮೂರಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾಟಿ ಮಾಡಿ ಗೊಬ್ಬರ ಹಾಕಿ ಆಗಿತ್ತು. ಡ್ಯಾಮು ಖಾಲಿಯಾದರೆ ವರ್ಷವೇ ಹೋಯಿತು. ಬೇಸಾಯದಲ್ಲಿ ಅರ್ಥ ಇದೆಯಾ ಅಂತ ಕೇಳಿದರೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಿದ್ದೆ ಇಲ್ಲ. ಲ್ಯಾಬಿನಲ್ಲಿ ಬೇಜಾರು ಅಂತ ಇಲ್ಲಿಗೆ ಬಂದರೆ ಬೇಜಾರಾಗಲು ಪುರಸೊತ್ತು ಸಿಗುವುದಿಲ್ಲ, ಅದೊಂದು ಲಾಭ.

ನಾಲ್ಕೆಕರೆಯ ಮೇಲೆ ಸಂಸಾರ ಪೂರ್ತಿ ಹಾಕಬೇಡಿ. ಪಗಾರ ಇಟ್ಟುಕೊಂಡು ಹೊಲ ಮಾಡಿ. ನಮ್ಮ ಕಡೆ ಹೊಲ ಮಾಡಿ ಗೆದ್ದವರ ಮನೆಯಲ್ಲಿ ಹೆಚ್ಚಾಗಿ ಒಬ್ಬ ಪಗಾರದವನು ಇರುತ್ತಾನೆ, ಗಮನಿಸಿ.

ಶಕ್ತಿನಗರ ನಿವೃತ್ತ

ಗಿಣಿಗೇರಿ ತಮ್ಮನಿಗೆ ಒಂದು ಪ್ರಶ್ನೆ ಕೇಳುತ್ತೇನೆ. ನೀನು ಕಂಪ್ಯೂಟರ್‌ಗೆ ತುಂಬಿದ ಅಂಕಿಯನ್ನು ಯಾರು ಓದುತ್ತಾರೆ? ಓದಿ ಏನು ಮಾಡುತ್ತಾರೆ? ಗೊತ್ತಾ?

ಯಾಕೆ ಕೇಳುತ್ತಿದ್ದೇನೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ನಾನು ಆರ್‌ಟಿಪಿಎಸ್‌ನಲ್ಲಿ, ಅಂದರೆ ರಾಯಚೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಇದ್ದವನು. ಅಲ್ಲಿ ಮೊದಲ ಯೂನಿಟ್ 1985ರಲ್ಲಿ ಶುರುವಾಯಿತು. ಮೊದಲ ಏಳು ಯೂನಿಟ್ ಒಂದೊಂದೂ 210 ಮೆಗಾವ್ಯಾಟ್. ನಾನು ಸೇರಿದ್ದು ಬಾಯ್ಲರ್ ಮೇಂಟೆನೆನ್ಸ್‌ಗೆ. ಬಾಯ್ಲರ್ ಟ್ಯೂಬ್ ಲೀಕ್ ಆದರೆ ಯೂನಿಟ್ ನಿಲ್ಲುತ್ತದೆ. ಫರ್ನೇಸ್ ತಣ್ಣಗಾಗುವವರೆಗೆ ಕಾದು, ಒಳಗೆ ಹಲಗೆ ಕಟ್ಟಿಕೊಂಡು ಇಳಿದು, ಎಲ್ಲಿ ಒಡೆದಿದೆ ಅಂತ ಹುಡುಕಬೇಕು. ಒಂದು ಟ್ಯೂಬಿನ ಆವಿ ಪಕ್ಕದ ಟ್ಯೂಬನ್ನೂ ಕೊರೆದಿರುತ್ತದೆ, ಅದನ್ನೂ ನೋಡಬೇಕು. ಕತ್ತರಿಸಿ, ಹೊಸ ತುಂಡು ಬೆಸೆದು, ನೀರು ತುಂಬಿ ಪ್ರೆಷರ್ ಟೆಸ್ಟ್. ಎಲ್ಲಿಯೂ ಹನಿ ಬರದಿದ್ದರೆ ಲೈಟಪ್, ಅಂದರೆ ಮತ್ತೆ ಬೆಂಕಿ ಹೊತ್ತಿಸುವುದು. ಬೂದಿ ಮೂಗಿನ ಒಳಗೆ ಹೋಗಿ ಸೀನಿದರೆ ಕರ್ಚೀಫು ಕಪ್ಪಾಗುತ್ತಿತ್ತು. ರಾಯಚೂರಿನ ಮೇ ತಿಂಗಳು ಹೇಗಿರುತ್ತದೆ ಗೊತ್ತಲ್ಲ, ಅದರಲ್ಲಿ ಇದು. ಆದರೂ ಯೂನಿಟ್ ಮತ್ತೆ ಗ್ರಿಡ್‌ಗೆ ಸೇರಿದಾಗ ಕಂಟ್ರೋಲ್ ರೂಮಿನಿಂದ ಫೋನ್ ಬರುತ್ತಿತ್ತು, "ತಗೊಂಡ್ವಿ ಸರ್". ಅಷ್ಟೇ ಮಾತು. ಮನೆಗೆ ಹೋಗಿ ಗಾಢ ನಿದ್ದೆ.

ಆಮೇಲೆ ಬಡ್ತಿ ಬಂತು. ಪ್ಲಾನಿಂಗ್ ಸೆಕ್ಷನ್, ಫ್ಯಾನ್ ಕೆಳಗೆ ಕುರ್ಚಿ, ಪಗಾರ ಜಾಸ್ತಿ. ಸ್ಪೇರ್ ಪಾರ್ಟ್ ಪಟ್ಟಿ, ಇಂಡೆಂಟ್, ಫೈಲು. ಫೈಲು ಮೇಲೆ ಹೋಗುತ್ತಿತ್ತು. ಹೋದದ್ದು ಏನಾಯಿತು ಅಂತ ತಿಳಿಯುತ್ತಿರಲಿಲ್ಲ. ಆ ಕುರ್ಚಿಯಲ್ಲಿ ನಿನಗೆ ಈಗ ಆಗುತ್ತಿರುವುದೇ ನನಗೂ ಆಯಿತು. ಬಿ.ಪಿ. ಶುರುವಾದದ್ದು ಫರ್ನೇಸಿನಲ್ಲಲ್ಲ, ಫ್ಯಾನಿನ ಕೆಳಗೆ.

ಹಾಗಾಗಿ ನನ್ನ ಅನುಮಾನ ಏನೆಂದರೆ, ಕೆಲಸ ಬೇಜಾರಾಗುವುದು ಅದು ಒಂದೇ ತರಹ ಇರುವುದಕ್ಕಲ್ಲ. ಮಾಡಿದ್ದು ತಲುಪಿತೋ ಇಲ್ಲವೋ ಅಂತ ತಿರುಗಿ ಸುದ್ದಿ ಬರದಿದ್ದರೆ ಬೇಜಾರಾಗುತ್ತದೆ. ಮಾನ್ವಿಯ ರೈತರು ಡ್ಯಾಮಿನ ಗೇಟು ನೆನಪಿಸಿದರು. ಹೋದ ಗೇಟಿನ ಜಾಗದಲ್ಲಿ ಇಳಿಸಿದ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ತುಂಡುಗಳು ಹೊಸಪೇಟೆ, ತೋರಣಗಲ್ಲು ಕಡೆಯೇ ತಯಾರಾದವು. ಹರಿಯುವ ನೀರಿನಲ್ಲೇ ಇಳಿಸಿ ವಾರದಲ್ಲಿ ನಿಲ್ಲಿಸಿದರು. ಅದನ್ನು ಬೆಸೆದ ವೆಲ್ಡರ್‌ಗಳಿಗೆ ಆ ವಾರ ಯಾರೂ ಕೆಲಸದ ಅರ್ಥ ಹೇಳಿಕೊಡಬೇಕಾಗಿರಲಿಲ್ಲ, ನೀರು ನಿಂತದ್ದನ್ನು ಇಡೀ ರಾಜ್ಯವೇ ಟಿವಿಯಲ್ಲಿ ನೋಡಿತು. ಕೈ ಅದೇ, ವೆಲ್ಡಿಂಗ್ ಅದೇ. ಮುಂದಿನ ತಿಂಗಳು ಯಾವುದೋ ಶೆಡ್ಡಿನ ಕಂಬ ಬೆಸೆದಿರುತ್ತಾರೆ, ಯಾರೂ ತಿರುಗಿ ನೋಡಿರುವುದಿಲ್ಲ.

ಮೊದಲು ಆ ಓದುವವನನ್ನು ಹುಡುಕು. ಬಿ.ಎಡ್. ಅರ್ಜಿ ಆಮೇಲೆ ತುಂಬಬಹುದು.

ಅತಿಥಿ ಮೇಷ್ಟ್ರು, ದೇವದುರ್ಗ

ಬಿ.ಎಡ್. ಅಂದದ್ದಕ್ಕೆ ಬಂದೆ. ನಾನು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕ. ಗಣಿತ, ವಿಜ್ಞಾನ. ನಿಮಗೆ ಬೇಕಾದ ಅರ್ಥ ನನ್ನ ಹತ್ತಿರ ಧಾರಾಳವಾಗಿದೆ, ಬೇಕಾದರೆ ಸ್ವಲ್ಪ ಕಳಿಸಿಕೊಡುತ್ತೇನೆ. ಪಗಾರ ಮಾತ್ರ ತಿಂಗಳಾನುಗಟ್ಟಲೆ ಬರುವುದಿಲ್ಲ. ಬೇಸಿಗೆ ರಜೆಗೆ ಅದೂ ಇಲ್ಲ. ಮುಂದಿನ ಜೂನ್‌ನಲ್ಲಿ ನಾನು ಇರುತ್ತೇನೋ ಇಲ್ಲವೋ ಗೊತ್ತಿಲ್ಲ.

ಶಕ್ತಿನಗರ ಸರ್ ಹೇಳಿದ ತಿರುಗಿ ಬರುವ ಸುದ್ದಿ ನನಗೆ ದಿನಾ ಬರುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ನನ್ನ ಏಳನೇ ತರಗತಿ ಅರ್ಧ ಖಾಲಿ. ಒಬ್ಬಳು ಹುಡುಗಿ ಎರಡು ವಾರ ಹೊಲಕ್ಕೆ ಹೋಗಿ ಬಂದಳು. ಬಂದವಳೇ ಭಿನ್ನರಾಶಿ ಭಾಗಾಕಾರದ ಲೆಕ್ಕ ತೋರಿಸಿ "ಇದು ನಾನಿಲ್ಲದಾಗ ಮಾಡಿದ್ರಲ್ಲ ಸರ್, ಮತ್ತೆ ಹೇಳ್ರಿ" ಅಂದಳು. ಊಟದ ಹೊತ್ತಿನಲ್ಲಿ ಹೇಳಿದೆ. ಬೆರಳ ತುದಿಯಲ್ಲಿ ಹತ್ತಿ ಕಾಯಿ ಗೀರಿದ ಗಾಯ, ಪೆನ್ಸಿಲ್ ಬೇರೆ ತರಹ ಹಿಡಿದುಕೊಂಡಿದ್ದಳು. ಲೆಕ್ಕ ಸರಿ ಮಾಡಿದಳು. ಇಂಥದ್ದು ಸಿಗುತ್ತದೆ. ಆವತ್ತು ಸಂಜೆ ಕಿರಾಣಿ ಅಂಗಡಿಯವರು ಹಳೆ ಬಾಕಿ ಕೇಳಿದರು, ಅದೂ ಸಿಗುತ್ತದೆ.

ನಾನು ಗಮನಿಸಿದ್ದು ಏನೆಂದರೆ, ಯಾವ ಕೆಲಸಕ್ಕೆ ಅರ್ಥ ಜಾಸ್ತಿಯೋ ಅದಕ್ಕೇ ಕಾಸು ಕಡಿಮೆ. ಅಂಗನವಾಡಿ ಅಕ್ಕ, ಆಶಾ ಅಕ್ಕ, ನಾವು. "ಪುಣ್ಯದ ಕೆಲಸ ಮೇಷ್ಟ್ರೇ" ಅಂತಾರೆ. ಪುಣ್ಯವನ್ನು ಗ್ಯಾಸ್ ಏಜೆನ್ಸಿಯಲ್ಲಿ ತಗೊಳ್ಳಲ್ಲ. ನಮ್ಮ ಶಾಲೆ ಗೋಡೆಯ ಮೇಲೆ "ಕಾಯಕವೇ ಕೈಲಾಸ" ಅಂತ ದೊಡ್ಡದಾಗಿ ಬರೆಸಿದ್ದಾರೆ. ಬರೆದ ಪೇಂಟರ್‌ಗೂ ಬಿಲ್ ಆಗಿಲ್ಲವಂತೆ.

ಶಕ್ತಿನಗರ ನಿವೃತ್ತ

ಮೇಷ್ಟ್ರೇ, ಆ ಮಾತು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ನಿಮ್ಮ ಪಕ್ಕದ ಲಿಂಗಸುಗೂರು ತಾಲೂಕಿನ ಅಮರೇಶ್ವರದವನು. ಅವನ ಕಥೆಯಲ್ಲಿ ಹೆಂಡತಿ ಲಕ್ಕಮ್ಮನೇ ದೊಡ್ಡವಳು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಬೇಕಾದದ್ದಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ಒಳಗೆ ತೆಗೆದುಕೊಳ್ಳಲಿಲ್ಲ, ವಾಪಸ್ ಸುರಿದು ಬಾ ಅಂದಳು. ಅಂದರೆ ಇಷ್ಟು ಬೇಕು, ಇಷ್ಟೇ ಸಾಕು ಅನ್ನುವ ಲೆಕ್ಕ ಅವಳಿಗಿತ್ತು. ಗೋಡೆಯ ಮೇಲೆ ಬರೆಸುವವರು ಮಾರಯ್ಯನ ಅರ್ಧ ತಗೊಳ್ತಾರೆ, ಲಕ್ಕಮ್ಮನ ಅರ್ಧ ಬಿಡ್ತಾರೆ. ಆ ದಿನದ ಅಕ್ಕಿ ಆ ದಿನವೇ ಮನೆಗೆ ಬರುತ್ತಿತ್ತು. ಅದು ಬರದೇ ಇದ್ದಿದ್ದರೆ ಲಕ್ಕಮ್ಮ ಸುಮ್ಮನಿರುತ್ತಿದ್ದಳು ಅಂತ ನನಗನಿಸುವುದಿಲ್ಲ.

ಸಂಡೂರು ಲಾರಿ

ಗಣಿ ಜೋರಾಗಿದ್ದಾಗ ನನ್ನವು ಎರಡು ಲಾರಿ ಇದ್ದವು. ಆವಾಗ ಯಾರೂ ಇಂಥ ಪ್ರಶ್ನೆ ಕೇಳುತ್ತಿರಲಿಲ್ಲ. ಟ್ರಿಪ್ ಎಷ್ಟಾಯಿತು, ಅಷ್ಟೇ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ರಸ್ತೆ ಬದಿ ಸಾಲಾಗಿ ನಿಂತವು, ಫೈನಾನ್ಸ್‌ನವರು ಮನೆಗೆ ಬಂದರು. ಎರಡನ್ನೂ ಮಾರಿದೆ.

ಸತ್ಯ ಹೇಳಬೇಕಂದ್ರೆ ಆ ದುಡ್ಡಿನ ಕಾಲ ನನಗೆ ಅಷ್ಟು ನೆನಪಾಗುವುದಿಲ್ಲ. ಈಗ ಡ್ರಿಪ್ ಪೈಪಿನ ಅಂಗಡಿ. ಲಾಭ ಕಡಿಮೆ, ಉದ್ರಿ ಜಾಸ್ತಿ. ಆದರೆ ದಾಳಿಂಬೆ ತೋಟಕ್ಕೆ ಪೈಪ್ ಹಾಕಿಕೊಟ್ಟವನು ಫೋನ್ ಮಾಡಿ "ಕೊನೇ ಸಾಲಿಗೆ ನೀರು ಬರ್ತಿಲ್ಲ ಬಾ" ಅಂತ ಬೈಯುತ್ತಾನೆ. ಹೋಗಿ ನೋಡಿದರೆ ಫಿಲ್ಟರ್‌ನಲ್ಲಿ ಪಾಚಿ. ತೊಳೆದು ಕೊಡುತ್ತೇನೆ, ಚಹಾ ಕೊಡುತ್ತಾನೆ. ಅದಿರು ಚೀನಾಕ್ಕೆ ಹೋಗುತ್ತಿದ್ದಾಗ ನನ್ನನ್ನು ಬೈಯುವವರೇ ಇರಲಿಲ್ಲ.

ಕಿನ್ನಾಳ ಬಣ್ಣ

ಎಲ್ಲರೂ ನಮ್ಮಂಥವರ ಕೆಲಸ ಬಹಳ ತೃಪ್ತಿಯದು ಅಂದುಕೊಳ್ಳುತ್ತಾರೆ. ಕಿನ್ನಾಳ ಕಲೆ, ವಿಜಯನಗರ ಕಾಲದ್ದು, ಜಿಐ ಟ್ಯಾಗ್ ಬೇರೆ ಇದೆ. ಬಂದವರು ಫೋಟೊ ತೆಗೆದುಕೊಂಡು "ಎಷ್ಟು ಪುಣ್ಯವಂತರು ನೀವು" ಅಂತಾರೆ.

ದಿನ ಹೇಗಿರುತ್ತದೆ ಅಂದರೆ, ಹುಣಸೆ ಬೀಜ ನೆನೆಸಿ, ರುಬ್ಬಿ ಸರಿ ಮಾಡಬೇಕು. ಗೋಣಿ ಚೂರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಸೇರಿಸಿ ಆ ಸರಿಯಲ್ಲಿ ಕಲಸಬೇಕು. ಅದೇ ಕಿಟ್ಟ. ಗೊಂಬೆಯ ತುಂಡು ಜೋಡಿಸಿದ ಸಂದು ಕಾಣದ ಹಾಗೆ ಅದನ್ನು ತುಂಬಬೇಕು. ಬಟ್ಟೆ ಅಂಟಿಸಬೇಕು, ಒಣಗಿಸಬೇಕು, ಮತ್ತೆ ಬಳಿಯಬೇಕು, ಉಜ್ಜಬೇಕು. ಮಳೆ ಬಂದರೆ ಒಣಗಲ್ಲ, ವಾಸನೆ ಹೊಡೆಯುತ್ತದೆ. ಬಣ್ಣ ಹಚ್ಚುವ ಕೆಲಸ ಕೊನೆಗೆ, ಸ್ವಲ್ಪ. ಫೋಟೊದವರು ಬರುವುದು ಆವಾಗ. ಯಾವ ಕೆಲಸದಲ್ಲೂ ಮುಕ್ಕಾಲು ಪಾಲು ಬೇಸರವೇ ಇರುತ್ತದೆ ಅಣ್ಣಾ. ಉಳಿದ ಕಾಲು ಪಾಲು ಯಾರ ಕೈಯಲ್ಲಿದೆ ಅಂತ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ಬಣ್ಣದ ಕುಂಚ ಬಹಳ ವರ್ಷ ಅಪ್ಪನ ಕೈಯಲ್ಲೇ ಇತ್ತು. ನನಗೆ ಉಜ್ಜುವುದು ಮಾತ್ರ. ಆವಾಗ ನಾನೂ ಕಾರ್ಖಾನೆಗೆ ಹೋಗಿಬಿಡೋಣ ಅಂದುಕೊಂಡಿದ್ದೆ. ಗೌರಿ ಮುಖ ಬರೆಯಲು ಬಿಟ್ಟ ಮೇಲೆ ಆ ಮಾತು ನಿಂತಿತು.

ಪಕ್ಕದೂರಿನವಳು

ನಾನು ಹೇಳುವುದು ಯಾರಿಗೂ ಹಿಡಿಸದಿರಬಹುದು. ಕಾರ್ಖಾನೆಗಳ ಪಕ್ಕದ ಊರು ನಮ್ಮದು. ಮಾಳಿಗೆ ಮೇಲೆ ಹಪ್ಪಳ ಒಣಗಿಸಲು ಬಿಟ್ಟು ಎಷ್ಟೋ ಕಾಲವಾಯಿತು. ರಾತ್ರಿ ಕರಿ ಧೂಳು ಬೀಳುತ್ತದೆ, ಬೆಳಿಗ್ಗೆ ಪಾದ ಕಪ್ಪು. ಲ್ಯಾಬ್ ಅಣ್ಣಾ, ನಿಮ್ಮ ಕೆಲಸದ ಫಲ ಎಲ್ಲಿಗೆ ತಲುಪುತ್ತಿದೆ ಅಂತ ಹುಡುಕಲು ಹೊರಟಿದ್ದೀರಿ. ಒಂದು ಕಡೆ ನಮ್ಮ ಮಾಳಿಗೆಗೂ ತಲುಪುತ್ತಿದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಿಣಿಗೇರಿ ಲ್ಯಾಬ್

ಎಲ್ಲರ ಮಾತೂ ಓದಿದೆ. ಶಕ್ತಿನಗರ ಸರ್ ಹೇಳಿದ್ದನ್ನು ಮಾಡಿದೆ. ನೈಟ್ ಶಿಫ್ಟ್‌ನಲ್ಲಿ ಸ್ಯಾಂಪಲ್ ಮುಗಿಸಿ ಕಿಲ್ನ್ ಕಂಟ್ರೋಲ್ ರೂಮಿಗೆ ಹೋದೆ. ಆಪರೇಟರ್ ಬಿಹಾರದ ಹಿರಿಯರು, ದಿನಾ ನೋಡುವ ಮುಖ, ಮಾತಾಡಿದ್ದಿಲ್ಲ. ನನ್ನ ರಿಪೋರ್ಟ್ ಓದುತ್ತೀರಾ ಅಂದೆ. ಓದುತ್ತೇನೆ ಅಂದರು, ಆದರೆ ಒಂದು ಕಾಲಂ ಮಾತ್ರ. ನಾನು ಏಳೆಂಟು ಕಾಲಂ ತುಂಬುತ್ತೇನೆ! ಅವರಿಗೆ ಬೇಕಾದದ್ದು ಮೆಟಲೈಸೇಶನ್ ಮಾತ್ರ, ಅಂದರೆ ಮಾಲಿನಲ್ಲಿರುವ ಕಬ್ಬಿಣದಲ್ಲಿ ಎಷ್ಟು ಪಾಲು ಲೋಹವಾಗಿದೆ ಅನ್ನುವ ಅಂಕಿ. ಅದು ಇಳಿದರೆ ಕಲ್ಲಿದ್ದಲು, ಗಾಳಿ ಹೊಂದಿಸುತ್ತಾರೆ. "ಆದರೆ ನಿನ್ನ ನಂಬರ್ ಬರುವ ಹೊತ್ತಿಗೆ ಆ ಮಾಲು ಹೋಗಿಯಾಗಿರುತ್ತೆ" ಅಂತ ನಕ್ಕರು. ಅದಿರು ಒಳಗೆ ಹೋಗಿ ಹೊರಬರಲು ಗಂಟೆಗಟ್ಟಲೆ ಹಿಡಿಯುತ್ತದೆ, ನನ್ನ ಅಂಕಿ ಅದಕ್ಕಿಂತ ತಡ. ಅವರು ಹೆಚ್ಚಾಗಿ ಥರ್ಮೋಕಪಲ್ ಟೆಂಪರೇಚರ್ ನೋಡಿ, ತಮ್ಮ ಅಂದಾಜಿನ ಮೇಲೆ ನಡೆಸುತ್ತಾರೆ.

ಮೊದಲು ಮುಖ ಸಪ್ಪಗಾಯಿತು. ಆಮೇಲೆ ಒಂದು ಮಾತಾಯಿತು. ಅಂಕಿ ಬಿದ್ದ ಕೂಡಲೇ ಕಂಪ್ಯೂಟರ್‌ಗೆ ತುಂಬುವ ಮುಂಚೆ ನಾನು ಫೋನ್ ಮಾಡಬೇಕು. ಅವರು ಏನು ಬದಲಿಸಿದರು ಅಂತ ನನಗೆ ಹೇಳಬೇಕು. ಈಗ ಹಾಗೇ ನಡೆಯುತ್ತಿದೆ. ನೇರಳೆ ಬಂದಾಗ ಕೈ ಫೋನಿಗೆ ಹೋಗುತ್ತದೆ. ಒಂದು ರಾತ್ರಿ ಅಂಕಿ ಇಳಿದಿತ್ತು, ಅವರು ಬದಲಿಸಿದರು, ಬೆಳಗಿನ ಜಾವದ ಸ್ಯಾಂಪಲ್‌ನಲ್ಲಿ ಮೇಲೆ ಬಂತು. ಒಗ್ಗರಣೆ ಮಿರ್ಚಿ ನಾನು ಕೊಡಿಸಿದೆ. ಎಲ್ಲಾ ಸರಿಹೋಯಿತು ಅಂತ ಹೇಳುವುದಿಲ್ಲ, ಬಿ.ಎಡ್. ಮಾತು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಹೊಲ ಅಪ್ಪನ ಹತ್ತಿರವೇ ಇರಲಿ.

ಪಕ್ಕದೂರಿನ ಅಕ್ಕಾರೆ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಚಿಮಣಿಯ ಧೂಳು ಅಳೆಯುವುದು ನಮ್ಮ ಲ್ಯಾಬಿನ ಕೆಲಸವಲ್ಲ, ಹೊರಗಿನವರು ಬಂದು ಅಳೆಯುತ್ತಾರೆ. ಹಾಗಂತ ಕೈ ತೊಳೆದುಕೊಳ್ಳಲು ಆಗುವುದಿಲ್ಲ ಅಂತ ಗೊತ್ತು.

ಪಕ್ಕದೂರಿನವಳು

ಧೂಳು ಹಿಡಿಯುವ ಇಎಸ್‌ಪಿ ರಾತ್ರಿ ಓಡುತ್ತಿರುತ್ತದೋ ಇಲ್ಲವೋ, ಅದನ್ನಾದರೂ ನಿಮ್ಮ ಆ ಹಿರಿಯರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ.

ಗಿಣಿಗೇರಿ ಲ್ಯಾಬ್

ಕೇಳುತ್ತೇನೆ.

ಕೌಲ್‌ಬಜಾರ್ ಅಕ್ಕ

ಶಕ್ತಿನಗರದ ಅಣ್ಣಾವ್ರು ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎಲ್ಲರಿಗೂ ಆ ತಿರುಗಿ ಬರುವ ಸುದ್ದಿ ಬೇಕಿಲ್ಲ. ನನ್ನ ಪ್ಯಾಂಟ್ ಚೆನ್ನಾಗಿದೆ ಅಂತ ಯಾರೋ ಫೋನ್ ಮಾಡಿದರೆ ನನ್ನ ಅರ್ಧ ಗಂಟೆ ಹಾಳು, ಅಷ್ಟರಲ್ಲಿ ಎಷ್ಟೋ ಪೀಸ್ ಆಗಿರುತ್ತದೆ.

ಆದರೆ ಈ ಚರ್ಚೆ ಓದಿ ನಮ್ಮ ಓಣಿಯ ಹೆಂಗಸರಿಗೆ ಹೇಳಿದೆ. ಎಲ್ಲರೂ ಬೇರೆ ಬೇರೆ ಮನೆಯಲ್ಲಿ ಕೂತು ದಾರ ಕತ್ತರಿಸುತ್ತೇವೆ, ಒಬ್ಬರಿಗೆ ಕೊಡುವ ರೇಟು ಇನ್ನೊಬ್ಬರಿಗೆ ಗೊತ್ತಿಲ್ಲ. ಕೂತು ಕೇಳಿದರೆ ಮೂರು ಮನೆಗೆ ಮೂರು ರೇಟು! ಈಗ ನಮ್ಮ ಜಗಲಿಯ ಮೇಲೆ ಒಟ್ಟಿಗೆ ಕೂತೇ ಕೆಲಸ ಮಾಡುತ್ತಿದ್ದೇವೆ. ಮಾತು ಜಾಸ್ತಿ, ಆದರೂ ಪೀಸ್ ಕಡಿಮೆ ಆಗಿಲ್ಲ. ಶನಿವಾರ ಗಂಟು ತರುವವನು ಬಂದಾಗ ಎಲ್ಲರಿಗೂ ಒಂದೇ ರೇಟು ಕೊಡು ಅಂತ ಕೇಳುವುದು ಅಂತ ಆಗಿದೆ. ಅವನು ಸಿಡುಕುತ್ತಾನೆ, ಬೇರೆ ಓಣಿಗೆ ಕೊಡುತ್ತೇನೆ ಅಂತಾನೆ. ಬೇರೆ ಓಣಿಯಲ್ಲಿ ನಮ್ಮ ನಾದಿನಿಯರೇ ಇರುವುದು, ಅವರಿಗೂ ಹೇಳಿ ಆಗಿದೆ.